ಒಂಬತ್ತು ದಿನದ ಕಟ್ಟು

೧೩ ನವೆಂಬರ್ ೨೦೨೪, ಬುಧವಾರ

ನಾಯಿಯ ಕಾಲನ್ನು ಇವತ್ತು ತೆಗೆದರು. ಎಡ ಮುಂಗಾಲು, ಭುಜದ ಕೀಲಿನಿಂದ. ಹನ್ನೊಂದಕ್ಕೆ ಒಳಗೆ ಕರೆದುಕೊಂಡು ಹೋದರು, ಒಂದೂ ಮುಕ್ಕಾಲಿಗೆ ಮುಗಿಯಿತು. ನಾಯಿ ಬದುಕಿದೆ.

ಆದದ್ದನ್ನು ಕ್ರಮವಾಗಿ ಬರೆದಿಡುತ್ತೇನೆ. ಇದೇ ಮೂರನೇ ತಾರೀಕು ಭಾನುವಾರ ಹುತ್ರಿದುರ್ಗದ ಪುಟ್ಟರಂಗಯ್ಯ ಈ ನಾಯಿಯನ್ನು ಗೂಡ್ಸ್ ಆಟೋದಲ್ಲಿ ಮಲಗಿಸಿಕೊಂಡು ಕ್ಯಾತ್ಸಂದ್ರಕ್ಕೆ, ನಮ್ಮ ಮನೆಗೆ ಬಂದ. ಕುಣಿಗಲ್ ರಸ್ತೆಯಲ್ಲಿ ಬೈಕು ತಾಗಿ ಮುಂಗಾಲಿನ ಮೂಳೆ ಮುರಿದಿತ್ತು. ಅವನಿಗೆ ಮೂವತ್ತೆಂಟು ಕುರಿಗಳಿವೆ. ಬೆಟ್ಟದಲ್ಲಿ ಚಿರತೆಯಿಂದ ಅವನ್ನು ಕಾಯುವುದು ಈ ನಾಯಿ. ಹೆಸರು ಜೋಗಿ.

ನಮ್ಮದು ಮೂಳೆ ಕಟ್ಟುವ ಮನೆ. ತಂದೆ ಗುಬ್ಬಿಯಲ್ಲಿ ಕಟ್ಟುತ್ತಿದ್ದರು. ಈಗ ಅಲ್ಲಿ ಅಣ್ಣ ಅಡವಿಯಪ್ಪ ಕಟ್ಟುತ್ತಾನೆ, ಇಲ್ಲಿ ಭಾನುವಾರಗಳಂದು ನಾನು. ಉಳಿದ ದಿನ ಹಿರೇಹಳ್ಳಿಯ ಕಾರ್ಖಾನೆಯಲ್ಲಿ ವಾಲ್ವ್‌ಗಳ ಅಳತೆ ಪರೀಕ್ಷಿಸುವುದು ನನ್ನ ಕೆಲಸ. ಹನ್ನೆರಡು ವರ್ಷದ ಹಿಂದೆ ಪುಟ್ಟರಂಗಯ್ಯನ ಮುಂಗೈ ನಾನೇ ಕಟ್ಟಿದ್ದೆ. ನೇರವಾಗಿ ಕೂಡಿಕೊಂಡಿತು. ಆ ನಂಬಿಕೆಯ ಮೇಲೆ ನಾಯಿಯನ್ನು ತಂದ.

ಮನುಷ್ಯರಿಗೆ ಕಟ್ಟುವ ಹಾಗೆಯೇ ಕಟ್ಟಿದೆ. ಮೂಳೆಯನ್ನು ಎಳೆದು ಕೂರಿಸಿ, ಉದ್ದಿನ ಹಿಟ್ಟಿನ ಲೇಪ, ನಾಲ್ಕು ಬಿದಿರಿನ ದಬ್ಬೆ, ಮೇಲೆ ಬಟ್ಟೆ. ನಮ್ಮ ಮನೆಯ ನಿಯಮ ಎರಡು. ಕಟ್ಟಿಗೆ ನೀರು ತಾಗಬಾರದು. ಒಂಬತ್ತು ದಿನ ಬಿಚ್ಚಬಾರದು. ನಾಲ್ಕನೇ ದಿನ ಪುಟ್ಟರಂಗಯ್ಯ ಫೋನ್ ಮಾಡಿದ. "ಅಯ್ನೋರೆ, ಮುದ್ದೆ ಮುಟ್ಟಾಕಿಲ್ಲ, ಕಟ್ಟನ್ನೇ ಕಚ್ಕೊಂತದೆ. ಬಿಚ್ಬುಡ್ಲಾ?" ಬೇಡ ಎಂದೆ. ಆರನೇ ದಿನ ವಾಸನೆ ಬರುತ್ತಿದೆ ಎಂದ. ಲೇಪದ್ದಿರಬೇಕು ಎಂದೆ. ನಿನ್ನೆ ಒಂಬತ್ತನೇ ದಿನ. ಅವನು ತಂದ, ನಾನು ಬಿಚ್ಚಿದೆ. ಪಾದ ಕಪ್ಪಾಗಿತ್ತು. ಮುಟ್ಟಿದರೆ ತಣ್ಣಗಿತ್ತು.

ಶಸ್ತ್ರಚಿಕಿತ್ಸೆ ಆದ ಮೇಲೆ ಪ್ರಾಣಿಗಳ ಕ್ಲಿನಿಕ್ಕಿನ ಡಾಕ್ಟರ್ ಪಲ್ಲವಿ ನನ್ನೊಬ್ಬನನ್ನೇ ಒಳಗೆ ಕರೆದರು. "ಫ್ರಾಕ್ಚರ್ ಸಿಂಪಲ್ ಆಗಿತ್ತು ಸರ್. ಕಾಲು ಸತ್ತಿದ್ದು ಬೈಕಿಂದ ಅಲ್ಲ. ಕಟ್ಟು ಟೈಟಾಗಿ ರಕ್ತ ನಿಂತುಬಿಟ್ಟಿದೆ. ನಾಲ್ಕು ದಿನಕ್ಕೆ ಬಿಚ್ಚಿದ್ರೂ ಉಳೀತಿತ್ತು. ಯಾರು ಕಟ್ಟಿದ್ದು?"

"ಹಳ್ಳಿ ಕಡೆಯವರು" ಎಂದೆ.

ಪುಟ್ಟರಂಗಯ್ಯ ಹೊರಗೆ ಬೆಂಚಿನ ತುದಿಯಲ್ಲಿ ಕೂತಿದ್ದ. ನಾನು ಬಾಯಿ ತೆರೆಯುವ ಮೊದಲೇ ಹೇಳಿದ. "ನಂದೇ ತಪ್ಪು ಅಯ್ನೋರೆ. ಐದನೇ ದಿನ ಉರಿ ತಡೀನಾರ್ದೆ ಕೆರೆಗೆ ಇಳುದ್‌ಬುಡ್ತು. ಕಟ್ಟು ನೆಂದೋಯ್ತು. ನೀವು ಬಯ್ತೀರ ಅಂತ ಹೇಳ್ಲಿಲ್ಲ. ನೀರು ಬಿದ್ದೇ ಹಿಂಗಾಗಿದ್ದು."

ಆಗಿದ್ದು ಆಯಿತು ಬಿಡು ಎಂದೆ. ಇದು ಸುಳ್ಳಲ್ಲ.

೧೫ ನವೆಂಬರ್, ಶುಕ್ರವಾರ

ನಾಯಿಯನ್ನು ನಮ್ಮ ಮನೆಗೆ ತಂದಿದ್ದೇವೆ. ದಿನಾ ಗಾಯಕ್ಕೆ ಬಟ್ಟೆ ಬದಲಿಸಬೇಕು, ಮೆಟ್ಟಿಲು ಹತ್ತಿಸಬಾರದು. ಪುಟ್ಟರಂಗಯ್ಯನ ಮನೆ ಇರುವುದು ಬಂಡೆಯ ಮೇಲೆ. ಹೊಲಿಗೆ ಬಿಚ್ಚುವ ತನಕ ನಮ್ಮಲ್ಲಿರಲಿ ಎಂದು ನಾನೇ ಹೇಳಿದೆ. ಅವನು ಕೈ ಮುಗಿದ. ನಾನು ಆಟೋದ ಬಾಡಿಗೆ ಮಾತಾಡಲು ಹೋದೆ.

ಹೆಂಡತಿ ಗಂಗಾಂಬಿಕೆ ಹೊಲಿಗೆ ಮಿಷನ್ ನಿಲ್ಲಿಸಿ ನೋಡಿದಳು. "ಪ್ರಾಣಿಸೇವೆ ಯಾವಾಗಿಂದ ಶುರುವಾಯ್ತು?"

"ಹದಿನಾಲ್ಕು ದಿನ."

"ಅವನು ವಾಸನೆ ಅಂತ ಫೋನ್ ಮಾಡ್ದಾಗ ನಾನು ಇಲ್ಲೇ ಕೂತಿದ್ದೆ ಕಣ್ರೀ" ಎಂದಳು. ಮಿಷನ್ ಮತ್ತೆ ಶುರುವಾಯಿತು.

ನಡುಮನೆಯ ನೆಲಕ್ಕೆ ಟೈಲ್ಸ್ ಇದೆ. ನಾಯಿ ನಿಲ್ಲಲು ನೋಡಿದರೆ ಮೂರು ಕಾಲೂ ಮೂರು ಕಡೆಗೆ ಜಾರುತ್ತವೆ. ಎರಡು ಸಲ ಗದ್ದ ಬಡಿದುಕೊಂಡಿತು. ಕೂಗಲಿಲ್ಲ.

೧೬ ನವೆಂಬರ್

ಕಾರ್ಖಾನೆಯಲ್ಲಿ ಕೇಳಿ ಹಳೆಯ ರಬ್ಬರ್ ಶೀಟ್ ತಂದೆ. ಬಾಗಿಲಿಂದ ಹಿತ್ತಲಿನ ತನಕ ಹಾಸಿದೆ. ಅಗಲ ಎರಡೂವರೆ ಅಡಿ, ಉದ್ದ ಇಪ್ಪತ್ತೊಂದು. ಗಂಗಾಂಬಿಕೆ ಜೀನ್ಸ್ ಬಟ್ಟೆಯಲ್ಲಿ ಎದೆಯ ಕೆಳಗೆ ಹಾಯುವ ಹಾಗೆ ಒಂದು ಪಟ್ಟಿ ಹೊಲಿದುಕೊಟ್ಟಳು. ನಾನು ಕೇಳಿರಲಿಲ್ಲ. ಅದನ್ನು ಹಿಡಿದೆತ್ತಿದರೆ ನಾಯಿ ನಿಲ್ಲುತ್ತದೆ. ಬಿಟ್ಟರೆ ಬೀಳುತ್ತದೆ.

೧೭ ನವೆಂಬರ್, ಭಾನುವಾರ

ಹೆದ್ದಾರಿಯ ಹೋಟೆಲಿನಲ್ಲಿ ಅಡುಗೆ ಮಾಡುವ ಚಿಕ್ಕಹನುಮಯ್ಯ ಕಾಲು ಉಳುಕಿಸಿಕೊಂಡು ಬಂದಿದ್ದ. ಕಟ್ಟಿದೆ. ನಾಳೆ ಬಾ, ಬಿಚ್ಚಿ ನೋಡುತ್ತೇನೆ ಎಂದೆ.

"ನಾಳೆನಾ? ಒಂಬತ್ತು ದಿನ ಅಂತಿದ್ರಿ. ಏನ್ ಅಯ್ನೋರೆ, ಡಿಸ್ಕೌಂಟ್ ಬಿಟ್ಟಿದೀರಾ?"

ಬೆರಳಿನಲ್ಲಿ ಜುಮುಜುಮು ಇದೆಯಾ ಎಂದು ಕೇಳಿದೆ. ಇಲ್ಲ ಎಂದ. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಕೇಳಿದೆ. "ಬೆರಳು ನಂದೇ, ಇಲ್ಲೇ ಅದೆ, ಎಲ್ಲೂ ಹೋಗಿಲ್ಲ" ಎಂದ.

ಅಷ್ಟು ಹೊತ್ತೂ ನಾಯಿ ಒಳಬಾಗಿಲಲ್ಲಿ ಮಲಗಿ ನನ್ನ ಕೈಗಳನ್ನು ನೋಡುತ್ತಿತ್ತು. ನಾಯಿಗಳು ಅಲುಗುವುದನ್ನೆಲ್ಲ ನೋಡುತ್ತವೆ. ಅದರಲ್ಲಿ ವಿಶೇಷವಿಲ್ಲ.

೧೯ ನವೆಂಬರ್

ಬಲಗಿವಿ ಕೆರೆದುಕೊಳ್ಳಲು ಹಿಂಗಾಲು ಎತ್ತಿತು. ಬಿತ್ತು. ಮತ್ತೆ ಎತ್ತಿತು. ಬಿತ್ತು. ನಾಲ್ಕನೆಯ ಸಲ ನಾನು ಹೋಗಿ ಕೆರೆದೆ.

೨೨ ನವೆಂಬರ್

ಪಟ್ಟಿಯ ಆಸರೆಯಿಲ್ಲದೆ ನಾಲ್ಕು ಹೆಜ್ಜೆ. ನಡೆಯುವುದಲ್ಲ, ಕುಪ್ಪಳಿಸುವುದು. ಉಳಿದ ಮುಂಗಾಲನ್ನು ನಡುಮಧ್ಯಕ್ಕೆ ತಂದು ಊರುತ್ತದೆ. ಅದನ್ನು ಯಾರೂ ಹೇಳಿಕೊಟ್ಟಿಲ್ಲ.

ತಲೆ ಬಗ್ಗಿಸಿದರೆ ಮುಗ್ಗರಿಸುತ್ತದೆ. ತಟ್ಟೆಯನ್ನು ಎರಡು ಇಟ್ಟಿಗೆಯ ಮೇಲಿಟ್ಟೆ. ಮುದ್ದೆ ಕಡಿಮೆ ಮಾಡಿ, ಭಾರ ಏರಬಾರದು ಎಂದಿದ್ದಾರೆ ಡಾಕ್ಟರ್. ಮಧ್ಯಾಹ್ನ ಮಲಗಿದ್ದಾಗ ಇಲ್ಲದ ಕಾಲಿನ ಕಡೆಗೆ ಮೂತಿ ಚಾಚಿ ಗಾಳಿಯನ್ನು ನೆಕ್ಕುತ್ತಿತ್ತು. ಸರಿಯಾಗಿ ಪಾದ ಇರಬೇಕಾಗಿದ್ದ ಜಾಗದಲ್ಲಿ.

೨೭ ನವೆಂಬರ್, ಬುಧವಾರ

ಹೊಲಿಗೆ ಬಿಚ್ಚಿಸಿದೆವು. ಹದಿನೇಳು ಹೊಲಿಗೆ. ಗಾಯ ಒಣಗಿದೆ.

ಪುಟ್ಟರಂಗಯ್ಯ ಕುಣಿಗಲ್ ಬಸ್ಸಿಂದ ನೇರವಾಗಿ ಕ್ಲಿನಿಕ್ಕಿಗೆ ಬಂದಿದ್ದ. ನಾಯಿ ಅವನನ್ನು ಕಂಡು ಮುಂದಕ್ಕೆ ನೆಗೆದು ಮುಖ ಅಡಿಯಾಗಿ ಬಿತ್ತು. ಅವನು ಅಲ್ಲೇ ಕುಕ್ಕರಗಾಲಲ್ಲಿ ಕೂತು ಅದರ ತಲೆಯನ್ನು ಮಂಡಿಗಳ ನಡುವೆ ಇಟ್ಟುಕೊಂಡ. "ಏನ್ಲಾ ಜೋಗಿ. ಪ್ಯಾಟೆ ನಾಯಿ ಆಗ್‌ಬುಟ್ಯಾ?"

ಅವನ ಕಾಲಲ್ಲಿ ಮೆಟ್ಟು ಇರಲಿಲ್ಲ. ಹಿಮ್ಮಡಿಯಲ್ಲಿ ಮುಳ್ಳಿನ ಗುರುತುಗಳಿದ್ದವು. ಕೇಳಿದೆ.

"ದ್ಯಾವ್ರಿಗೆ ಹೇಳ್ಕಂಡಿದೀನಿ ಅಯ್ನೋರೆ. ನಾನು ನೀರಿಗೆ ಬುಟ್ಟ ತಪ್ಪಿಗೆ. ಅದು ಮುಂಚಿನಂಗೆ ಕುರಿ ಹಿಂದೆ ನಡೆಯೋಗಂಟ ಮೆಟ್ಟು ಹಾಕಾಕಿಲ್ಲ."

ಬೆಟ್ಟದ ತುಂಬಾ ಜಾಲಿ ಮುಳ್ಳು. ಹಾಗೆಲ್ಲ ಹರಕೆ ಕಟ್ಟಿಕೊಳ್ಳಬಾರದು ಎಂದೆ. ಅಷ್ಟೇ ಹೇಳಿದೆ.

ಇವತ್ತೇ ಕರೆದುಕೊಂಡು ಹೋಗಲು ಬಂದಿದ್ದ. ಡಾಕ್ಟರ್ ಬೇಡವೆಂದರು. "ಮುಂಗಾಲು ಹೋದ ನಾಯಿಗೆ ಹತ್ತೋದು ಸುಲಭ, ಇಳಿಯೋದು ಕಷ್ಟ. ಇಳಿಯುವಾಗ ಭಾರ ಪೂರ್ತಿ ಆ ಒಂದು ಕಾಲಿನ ಮೇಲೆ. ಬೆಟ್ಟದಲ್ಲಿ ಬಿದ್ದು ಅದೂ ಮುರಿದ್ರೆ ಮುಗೀತು. ಇಳಿಯೋದು ಕಲೀಲಿ, ಆಮೇಲೆ ಕಳಿಸಿ."

ಹಾಗಾಗಿ ಇನ್ನೂ ಕೆಲವು ವಾರ. ಹೆಚ್ಚೆಂದರೆ ಸಂಕ್ರಾಂತಿಯ ತನಕ. ಅದು ಹೋದರೆ ನಮ್ಮ ಮನೆ ಮೊದಲಿನಂತಾಗುತ್ತದೆ.

೮ ಡಿಸೆಂಬರ್, ಭಾನುವಾರ

ಗುಬ್ಬಿಗೆ ಹೋಗಿದ್ದೆ. ಅಣ್ಣನ ಜಗಲಿಯಲ್ಲಿ ಆರು ಜನ ಕಾಯುತ್ತಿದ್ದರು. ಅವರೆಲ್ಲ ಹೋಗುವ ತನಕ ಕೂತೆ. ಆಮೇಲೆ ಹೇಳಿದೆ.

ಅಡವಿಯಪ್ಪ ಕೈ ತೊಳೆದುಕೊಂಡು ಬಂದು ಕೂತ. "ನಾಯಿಗೆ ಕಟ್ಟು ಅಂತ ಅಪ್ಪ ಯಾವಾಗ ಹೇಳಿದ್ರು? ಅದು ನೋವು ಹೇಳತ್ತೇನೋ? ಬೆರಳು ಮರಗಟ್ಟಿದೆ ಅನ್ನತ್ತಾ?"

"ಅದು ಹೇಳಲಿಲ್ಲ. ಅದರ ಯಜಮಾನ ಹೇಳಿದ. ಎರಡು ಸಲ."

"ಒಂಬತ್ತು ದಿನ ಅಂದ್ರೆ ಒಂಬತ್ತು ದಿನ. ಅಪ್ಪ ಎಂದಾದ್ರೂ ಮುಂಚೆ ಬಿಚ್ಚಿದ್ರಾ?"

ನಾನು ಬಹಳ ಹೊತ್ತು ಯೋಚಿಸಿದೆ. ಬಿಚ್ಚುತ್ತಿದ್ದರು. ನಾನು ಹತ್ತು ಹನ್ನೊಂದು ವರ್ಷದವನಿದ್ದಾಗ ನೋಡಿದ್ದೇನೆ. ತಂದೆ ಎಲ್ಲರ ಮುಂದೆ ಒಂಬತ್ತು ದಿನ ಎನ್ನುತ್ತಿದ್ದರು. ಮೂರನೇ ದಿನ ಸೈಕಲ್ ಹತ್ತಿ ರೋಗಿಯ ಮನೆಗೆ ಹೋಗಿ, ಮಜ್ಜಿಗೆ ಕುಡಿಯುತ್ತ, ಏನೋ ಮಾತಾಡುತ್ತ ಗಂಟು ಸಡಿಲಿಸಿ ಮತ್ತೆ ಕಟ್ಟುತ್ತಿದ್ದರು. ಅದನ್ನು ಯಾರೂ ನಿಯಮ ಎಂದು ಕರೆಯಲಿಲ್ಲ. ಅದಕ್ಕೇ ನಾವು ಕಲಿಯಲಿಲ್ಲ. ಜನ ಬೇಗ ಬಿಚ್ಚಿಕೊಳ್ಳದಿರಲಿ ಎಂದು ಹೇಳುತ್ತಿದ್ದ ಮಾತನ್ನು ಮಾತ್ರ ಇಟ್ಟುಕೊಂಡೆವು.

ಅಣ್ಣನಿಗೆ ಇದನ್ನು ಹೇಳಿದೆ. "ನನಗೆ ನೆನಪಿಲ್ಲ" ಎಂದ. ನೆನಪಿತ್ತು, ಅವನ ಮುಖ ನೋಡಿದರೆ ತಿಳಿಯುತ್ತಿತ್ತು. "ನೋಡು ಮಾಲಿಂಗ, ಒಂದು ನಾಯಿಗೋಸ್ಕರ ಇದನ್ನೆಲ್ಲ ಊರಿಗೆ ಸಾರಬೇಡ. ನಾಳೆ ಯಾರದೋ ಸೊಂಟ ನೋವಿಗೂ ನಮ್ಮಪ್ಪನ ಕಟ್ಟನ್ನೇ ದೂರ್ತಾರೆ. ನೀನೂ ಸುಮ್ನಿರು, ಅವನೂ ಸುಮ್ನಿರ್ತಾನೆ. ನೀರು ಬಿತ್ತು ಅಂತ ಅವನೇ ಅಂತಿದಾನಲ್ಲ."

ಊಟ ಮಾಡಿ ಬಂದೆ. ಹಬೆಯಾಡುವ ಅವರೆಕಾಳಿನ ಸಾರು. ರುಚಿ ನೆನಪಾಗುತ್ತಿಲ್ಲ.

೧೫ ಡಿಸೆಂಬರ್, ಭಾನುವಾರ

ಗೇಟಿಗೆ "ಈ ವಾರ ಕಟ್ಟುವುದಿಲ್ಲ" ಎಂದು ಬರೆದು ಅಂಟಿಸಿದೆ. ಬೆಳಗ್ಗೆ ಜೋಗಿಯನ್ನು ನಡೆಸುವುದಿರುತ್ತದೆ. ಎರಡೂ ಒಟ್ಟಿಗೆ ಆಗುವುದಿಲ್ಲ.

೨೯ ಡಿಸೆಂಬರ್, ಭಾನುವಾರ

ಚೀಟಿ ಹಾಗೇ ಇದೆ.

ಜೋಗಿ ರಸ್ತೆಯ ಕೊನೆಯ ತನಕ ಹೋಗಿ ಬಂತು. ಹಾಸ್ಟೆಲಿನ ಹುಡುಗಿಯರು ಮೊಬೈಲ್ ಎತ್ತಿ ವಿಡಿಯೋ ತೆಗೆದರು. ನಾನು ಅಡ್ಡ ನಿಂತೆ.

ಗಂಗಾಂಬಿಕೆ ಹೇಳುತ್ತಾಳೆ: "ಮದುವೆಯಾಗಿ ಇಪ್ಪತ್ತೇಳು ವರ್ಷ. ಇವತ್ತು ಬೆಳಗ್ಗೆ ನಾಯಿ ಹತ್ರ ಮಾತಾಡಿದಷ್ಟು ನನ್ನ ಹತ್ರ ಮಾತಾಡಿಲ್ಲ ನೀವು."

ನಾಯಿಗೆ ಹೆಜ್ಜೆಯ ಸೂಚನೆ ಕೊಡುತ್ತಿದ್ದೆ ಎಂದೆ.

"ಕಾರ್ಖಾನೇಲಿ ಹೊಸ ಮ್ಯಾನೇಜರ್ ಬಂದವ್ನೆ ಅನ್ನೋದೂ ಹೆಜ್ಜೆ ಸೂಚನೇನಾ?"

೫ ಜನವರಿ ೨೦೨೫

ಮಠದ ಹಿಂಭಾಗದಲ್ಲಿ ಒಂದು ಬಂಡೆ ಇದೆ. ಇಳಿಜಾರು ಕಡಿಮೆ, ಮೇಲ್ಮೈ ಒರಟು. ಹತ್ತುವಾಗ ನನಗಿಂತ ಮುಂದೆ ಹೋಯಿತು. ಮೇಲೆ ನಿಂತು ಕೆಳಗೆ ನೋಡಿ ಅಲುಗಲಿಲ್ಲ. ಕಾಲು ನಡುಗುತ್ತಿತ್ತು. ಎದೆಪಟ್ಟಿ ಹಿಡಿದು ಒಂದೊಂದೇ ಹೆಜ್ಜೆ ಇಳಿಸಿದೆ. ನೇರ ಇಳಿದರೆ ಮುಗ್ಗರಿಸುತ್ತದೆ. ಅಡ್ಡಡ್ಡ, ಓರೆಯಾಗಿ ಇಳಿಸಿದರೆ ಆಗುತ್ತದೆ. ನಡುವೆ ನಿಲ್ಲಬಾರದು, ಹಿಂದೆ ತಿರುಗಬಾರದು. ಹನ್ನೊಂದು ಸಲ ಮಾಡಿದೆವು. ಹತ್ತಿರದಲ್ಲಿ ದನ ಮೇಯಿಸುತ್ತಿದ್ದ ಮುದುಕ ಕೊನೆಗೆ ಕೇಳಿದ, "ಸ್ವಾಮಿ, ಏನು ಪರೀಕ್ಷೆಗೆ ಕಟ್ಟಿದೀರಾ ಇದನ್ನ?"

ನಗು ಬಂತು.

೧೪ ಜನವರಿ, ಮಂಗಳವಾರ. ಸಂಕ್ರಾಂತಿ

ಪುಟ್ಟರಂಗಯ್ಯ ಫೋನ್ ಮಾಡಿದ್ದ. ಚಿರತೆ ಒಂದು ಕುರಿ ಹಿಡಿಯಿತಂತೆ. ಹಾಡುಹಗಲು, ಬೆಟ್ಟದ ತಿರುವಿನಲ್ಲಿ. ಜೋಗಿ ಇದ್ದಿದ್ದರೆ ವಾಸನೆ ಹಿಡಿದು ಬೊಗಳುತ್ತಿತ್ತು, ಅವನು ಕುರಿಗಳನ್ನು ತಿರುಗಿಸುತ್ತಿದ್ದ.

"ಯಾವಾಗ ಕಳಿಸ್ತೀರಾ ಅಯ್ನೋರೆ?"

"ಇಳಿಯುವುದು ಇನ್ನೂ ಪಕ್ಕಾ ಆಗಿಲ್ಲ."

"ನೀವು ಹೆಂಗ್ ಯೋಳ್ತೀರೋ ಹಂಗೆ" ಎಂದ. "ಎಳ್ಳು ಬೆಲ್ಲ ತಿಂದ್ರಾ?"

ತಿಂದೆ ಎಂದೆ. ಮೆಟ್ಟು ಹಾಕಿಕೊಂಡೆಯಾ ಎಂದು ಕೇಳಬೇಕೆಂದುಕೊಂಡಿದ್ದೆ. ಕೇಳಲಿಲ್ಲ.

೧ ಫೆಬ್ರವರಿ, ಶನಿವಾರ

ಡಾಕ್ಟರ್ ಪಲ್ಲವಿ ಜೋಗಿಯನ್ನು ಕ್ಲಿನಿಕ್ಕಿನ ಇಳಿಜಾರಿನಲ್ಲಿ ಓಡಿಸಿ ನೋಡಿದರು. "ಸೂಪರ್ ಸರ್. ಇನ್ನು ಕಳಿಸಬಹುದು. ಇಷ್ಟು ಚೆನ್ನಾಗಿ ಅಡ್ಡಡ್ಡ ಇಳಿಯೋದು ನಾನು ಬೇರೆ ನಾಯೀಲಿ ನೋಡಿಲ್ಲ." ಆಮೇಲೆ ಕೇಳಿದರು, "ಆ ಕಟ್ಟು ಕಟ್ಟಿದವರಿಗೆ ಯಾರಾದ್ರೂ ಹೇಳಿದ್ರಾ? ಇನ್ನೊಬ್ಬರಿಗೆ ಕಟ್ಟುತ್ತಲೇ ಇರ್ತಾರೆ."

ಅವರಿಗೆ ಗೊತ್ತಿದೆ ಎಂದೆ.

ಕ್ಲಿನಿಕ್ಕಿನ ಇಳಿಜಾರು ಸಿಮೆಂಟಿನದು. ಬೆಟ್ಟದಲ್ಲಿ ಜಲ್ಲಿಕಲ್ಲು ಇರುತ್ತದೆ. ಇನ್ನೂ ಒಂದು ತಿಂಗಳು ನೋಡುವುದು ಒಳ್ಳೆಯದು. ಬಿಸಿಲು ಬೇರೆ ಏರುತ್ತಿದೆ, ಬಂಡೆ ಕಾಯುತ್ತದೆ. ಆತುರಪಟ್ಟರೆ ಇಷ್ಟು ದಿನದ ಕೆಲಸ ಹಾಳು.

ಪುಟ್ಟರಂಗಯ್ಯನಿಗೆ ಫೋನ್ ಮಾಡಿ, ಡಾಕ್ಟರ್ ಸ್ವಲ್ಪ ತಾಳಿ ಎಂದರು ಎಂದು ಹೇಳಿದೆ.

೯ ಫೆಬ್ರವರಿ

ಇನ್ನೆರಡು ಕುರಿ ಹೋದವಂತೆ. ಗಂಗಾಂಬಿಕೆ ಫೋನ್ ಎತ್ತಿದ್ದಳು. ನನಗೆ ಹೇಳಿದಳು. ಸಂಜೆ ತಟ್ಟೆಗೆ ಮುದ್ದೆ ಹಾಕುತ್ತ ನಾಯಿಗೇ ಹೇಳಿದಳು: "ನೀನು ನಡೀತೀಯ, ಓಡ್ತೀಯ, ಇಳೀತೀಯ. ನಡಿಯಕ್ಕಾಗ್ದೆ ಇರೋರು ಈ ಮನೇಲಿ ಬೇರೆ ಇದಾರೆ ಬಿಡು."

೧೬ ಫೆಬ್ರವರಿ, ಭಾನುವಾರ

ಬೆಳಗ್ಗೆ ಎಂಟೂವರೆಗೆ ಗೇಟು ಸದ್ದಾಯಿತು. ಪುಟ್ಟರಂಗಯ್ಯ, ಜೊತೆಗೆ ಅವನ ಹೆಂಡತಿ ಲಕ್ಷ್ಮೀದೇವಮ್ಮ. ಆಕೆಯ ಬಲಗೈ ಸೆರಗಿನಲ್ಲಿ ಸುತ್ತಿತ್ತು. ನಿನ್ನೆ ಸಂಜೆ ಸೊಪ್ಪಿನ ಹೊರೆ ಹೊತ್ತು ಇಳಿಯುವಾಗ ಜಾರಿ ಕೈ ಊರಿದಳಂತೆ. ಮಣಿಕಟ್ಟು ಊದಿತ್ತು. ರಾತ್ರಿಯಿಡೀ ಉಪ್ಪಿನ ಶಾಖ ಕೊಟ್ಟು ಮೊದಲ ಬಸ್ಸಿಗೆ ಬಂದಿದ್ದಾರೆ. ಗೇಟಿನ ಚೀಟಿ ಓದಲು ಇಬ್ಬರಿಗೂ ಬರುವುದಿಲ್ಲ.

ಜೋಗಿ ಹಿತ್ತಲಿಂದ ಓಡಿ ಬಂತು. ಮೂಲೆಯಲ್ಲಿ ತಿರುಗಿತು, ಎರಡು ಮೆಟ್ಟಿಲು ಇಳಿಯಿತು, ಅವನ ಎದೆಗೆ ಹಾರಿತು. ಬೀಳಲಿಲ್ಲ.

"ಓಡ್ತಾ ಅದಲ್ಲ" ಎಂದ ಪುಟ್ಟರಂಗಯ್ಯ. ನಾಯಿಯ ತಲೆಯ ಮೇಲಿಂದ ನನ್ನನ್ನು ನೋಡಿದ. ಆಮೇಲೆ ಹೆಂಡತಿಗೆ ದಾರಿ ಬಿಟ್ಟ.

ಚಾಪೆ ಹಾಕಿದೆ. ಲಕ್ಷ್ಮೀದೇವಮ್ಮ ಕೈಯನ್ನು ಮಡಿಲಿಂದ ಎತ್ತಿ ಮುಂದಿಟ್ಟಳು. "ಬಿರ‍್ನೆ ಕಟ್ಬುಡಿ ಅಯ್ನೋರೆ, ರಾಗಿ ಒಕ್ಕಣೆ ಅರ್ಧಕ್ಕೆ ಬುಟ್ ಬಂದಿದೀನಿ." ಬೆರಳಿಟ್ಟೆ. ಮಣಿಕಟ್ಟಿನಿಂದ ಎರಡು ಅಂಗುಲ ಮೇಲೆ, ಒಂದೇ ಮುರಿತ, ಜರುಗಿದ್ದು ಸ್ವಲ್ಪ. ನೂರಾರು ಕಟ್ಟಿದ್ದೇನೆ ಇಂಥದ್ದನ್ನು. ದಬ್ಬೆ ಕೈಗೆ ತೆಗೆದುಕೊಂಡೂ ಆಗಿತ್ತು. ಒಳಗೆ ಮಿಷನ್ ನಿಂತಿತು.

"ಆಸ್ಪತ್ರೆಗೆ ಹೋಗೋಣ. ಎಕ್ಸ್‌ರೇ ತೆಗೆಸಬೇಕು" ಎಂದೆ.

"ಯಾಕೆ, ನಾನೇನು ನಾಯಿಗಿಂತ ಕಡೆನಾ? ಅದಕ್ಕೆ ಕಟ್ಟಿದ್ರಿ, ನಂಗೆ ಕಟ್ಟಾಕಿಲ್ವಾ?" ಎಂದು ನಕ್ಕಳು. ಪುಟ್ಟರಂಗಯ್ಯನೂ ನಕ್ಕ.

ಆಗ ಹೇಳಿದೆ. ನವೆಂಬರಿನಲ್ಲಿ ಡಾಕ್ಟರ್ ನನಗೆ ಹೇಳಿದ್ದನ್ನು ಇದ್ದ ಹಾಗೆ ಹೇಳಿದೆ. ಮುರಿತ ಸಣ್ಣದು. ನಾನು ಬಿಗಿಯಾಗಿ ಕಟ್ಟಿದೆ. ನೀನು ಬಿಚ್ಚಲಾ ಎಂದು ಕೇಳಿದೆ, ನಾನು ಬೇಡ ಎಂದೆ. ನೀನು ವಾಸನೆ ಎಂದೆ, ನಾನು ಲೇಪದ್ದು ಎಂದೆ. ನೀರಿನಿಂದ ಏನೂ ಆಗಿಲ್ಲ. ನಾಯಿಯನ್ನು ಕಳಿಸಬಹುದು ಎಂದು ಡಾಕ್ಟರ್ ಹೇಳಿ ಹದಿನೈದು ದಿನವಾಯಿತು. ಅದನ್ನೂ ಹೇಳಲಿಲ್ಲ.

ಜೋಗಿ ಪುಟ್ಟರಂಗಯ್ಯನ ಬರಿಗಾಲನ್ನು ನೆಕ್ಕುತ್ತಿತ್ತು.

"ನಾಕನೇ ದಿನ ಬಿಚ್ಚಿದ್ರೆ ಉಳೀತಿತ್ತಾ?" ಪುಟ್ಟರಂಗಯ್ಯ ಕೇಳಿದ.

"ಉಳಿಯುತ್ತಿತ್ತು."

"ಕುಡ್ಲು ಕೈಯಲ್ಲಿ ಹಿಡ್ಕಂಡಿದ್ದೆ. ಇವಳೂ ಕುಯ್‌ದಾಕು ಅಂದ್ಲು. ನಾನೇ ಬೈದೆ. ಅಯ್ನೋರು ಬ್ಯಾಡ ಅಂದವ್ರೆ ಅಂತ."

ಲಕ್ಷ್ಮೀದೇವಮ್ಮ ಕೈಯನ್ನು ಮತ್ತೆ ಸೆರಗಿನೊಳಗೆ ತೆಗೆದುಕೊಂಡಳು. "ಮೂರು ತಿಂಗ್ಳಿಂದ ದಿನಾ ಸಂಜೆ ಕೂತು ಈ ಮನುಷ್ಯನ ಕಾಲಿನ ಮುಳ್ಳು ತೆಗೀತಿದೀನಿ. ಅಷ್ಟು ಮಾತ್ರ ಆದ್ರೂ ಹೇಳ್ಬೋದಿತ್ತು ನೀವು."

ಗಂಗಾಂಬಿಕೆ ಹೊರಗೆ ಬಂದು ಅವಳನ್ನು ಎಬ್ಬಿಸಿ ಒಳಗೆ ಕರೆದುಕೊಂಡು ಹೋದಳು. ಕಾಫಿ ಕೊಟ್ಟಳು.

ಜಿಲ್ಲಾ ಆಸ್ಪತ್ರೆಗೆ ನಾನೂ ಹೋದೆ. ಚೀಟಿ ಮಾಡಿಸಿದೆ, ಸಾಲಿನಲ್ಲಿ ನಿಂತೆ. ಪುಟ್ಟರಂಗಯ್ಯ ಗೋಡೆಗೆ ಒರಗಿ ಕೂತಿದ್ದ. ನಾನು ಎರಡು ಮಾರು ದೂರದಲ್ಲಿ ಕೂತೆ. ಪ್ಲಾಸ್ಟರ್ ಹಾಕುವ ಕೋಣೆಗೆ ಲಕ್ಷ್ಮೀದೇವಮ್ಮ ಹೋದ ಮೇಲೆ ಅವನು ನನ್ನ ಕಡೆ ನೋಡದೆ ಹೇಳಿದ. "ಕಟ್ಟಿದ್ದು ತಪ್ಪಲ್ಲ ಬುಡಿ. ಕೈ ತಪ್ತದೆ. ನಂಗೂ ಕುರಿ ಉಣ್ಣೆ ಕತ್ತರಿಸುವಾಗ ತಪ್ತದೆ. ಸುಮ್ನೆ ಕೂತಿದ್ರಲ್ಲ."

ನಾನು ಏನೋ ಹೇಳಲು ಹೊರಟೆ. ಅವನು ಕೈ ಅಡ್ಡ ಹಿಡಿದ.

ಬಸ್ ನಿಲ್ದಾಣದ ಎದುರಿನ ಅಂಗಡಿಯಲ್ಲಿ ಹವಾಯಿ ಚಪ್ಪಲಿ ಕೊಂಡು ಅಲ್ಲೇ ಹಾಕಿಕೊಂಡ. ಕಾಲು ಒಡೆದು ಅಗಲವಾಗಿತ್ತು, ಒಂದು ಸೈಜು ದೊಡ್ಡದು ಬೇಕಾಯಿತು. ಬಸ್ಸು ಹತ್ತುವಾಗ ಹೇಳಿದ: "ಬುಧವಾರ ನಾಯಿ ತಂದ್‌ಬುಡಿ."

೧೮ ಫೆಬ್ರವರಿ

ಅಣ್ಣ ಫೋನ್ ಮಾಡಿದ್ದ. ನಾನೇ ಬೆಳಗ್ಗೆ ತಿಳಿಸಿದ್ದೆ. ಮೂರು ನಿಮಿಷ ಬೈದ. ಕೇಳಿಸಿಕೊಂಡೆ. ಡಾಕ್ಟರ್ ಪಲ್ಲವಿಯವರಿಗೂ ಹೋಗಿ ಹೇಳಿದೆ. ಅವರು, "ಗೊತ್ತಿರಲಿಲ್ಲ ಸರ್" ಎಂದು ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡುತ್ತಿದ್ದರು.

ಗಂಗಾಂಬಿಕೆ ಜೋಗಿಗೆ ಸ್ನಾನ ಮಾಡಿಸಿದಳು. ಮುದ್ದೆಗೆ ಒಂದು ಚಮಚ ತುಪ್ಪ ಹಾಕಿದಳು. ಭಾರ ಏರಬಾರದು ಎಂದು ನಾನು ಹೇಳಲಿಲ್ಲ.

೧೯ ಫೆಬ್ರವರಿ, ಬುಧವಾರ

ಗೂಡ್ಸ್ ಆಟೋ ಗೊತ್ತು ಮಾಡಿಕೊಂಡು ಹೊರಟೆವು. ನಾನು ಹಿಂದೆ ಕೂತೆ, ರಬ್ಬರ್ ಶೀಟಿನ ತುಂಡೊಂದರ ಮೇಲೆ ಜೋಗಿ. ಕುಣಿಗಲ್ ದಾಟುವ ತನಕ ಮಲಗಿತ್ತು. ಅಲ್ಲಿಂದ ಎದ್ದು ಕೂತು ಮೂಗನ್ನು ಗಾಳಿಗೆ ಚಾಚಿತು. ಹುತ್ರಿದುರ್ಗದ ಬಂಡೆ ಕಾಣಿಸಿದಾಗ ಅದರ ಮೈ ನಡುಗಲು ಶುರುವಾಯಿತು. ಅದರ ಎದೆಯ ಮೇಲೆ ಕೈಯಿಟ್ಟು ಕೂತೆ. ಕಾಲು ಇದ್ದ ಜಾಗದಲ್ಲಿ ಈಗ ಕೂದಲು ಪೂರ್ತಿ ಬೆಳೆದಿದೆ. ಗುರುತು ಹುಡುಕಬೇಕು.

ಪುಟ್ಟರಂಗಯ್ಯ ಕುರಿಗಳನ್ನು ಹಟ್ಟಿಯಿಂದ ಬಿಟ್ಟು ಕಾಯುತ್ತಿದ್ದ. ಬನ್ನಿ ಎಂದ. ನನ್ನ ಹೆಸರಾಗಲಿ ಅಯ್ನೋರೆ ಎಂದಾಗಲಿ ಕರೆಯಲಿಲ್ಲ. ಲಕ್ಷ್ಮೀದೇವಮ್ಮ ಮಜ್ಜಿಗೆ ತಂದಳು. ಬಲಗೈಗೆ ಪ್ಲಾಸ್ಟರ್ ಇತ್ತು, ಎಡಗೈಯಲ್ಲಿ ಲೋಟ ಚಾಚಿದಳು. ಬೇರೆ ದಿನವಾಗಿದ್ದರೆ ಎಡಗೈ ಎಂದು ಒಂದು ಮಾತು ಹೇಳುತ್ತಿದ್ದಳು. ಹೇಳಲಿಲ್ಲ. ಎರಡೂ ಕೈಯಲ್ಲಿ ತೆಗೆದುಕೊಂಡೆ.

ಬೆರಳು ನೋಯುತ್ತವಾ ಎಂದು ಕೇಳಿದೆ. ಆಡಿಸಿ ತೋರಿಸಿದಳು. ಮರಗಟ್ಟಿದರೆ, ತಣ್ಣಗಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ, ಯಾರು ಏನೇ ಹೇಳಲಿ ಎಂದೆ. "ಹೂಂ" ಎಂದಳು.

ಪುಟ್ಟರಂಗಯ್ಯನಿಗೆ ಹೇಳಬೇಕಾಗಿದ್ದನ್ನು ಹೇಳಿದೆ. ತಟ್ಟೆ ಎತ್ತರದಲ್ಲಿಡು. ಭಾರ ಏರಿಸಬೇಡ. ಮಧ್ಯಾಹ್ನದ ಬಂಡೆಯ ಮೇಲೆ ಬೇಡ. ಇಳಿಜಾರಿನಲ್ಲಿ ನೇರ ಕರೆಯಬೇಡ, ಅಡ್ಡಡ್ಡ ತಾನೇ ಇಳಿಯುತ್ತದೆ. ಒಂದೊಂದಕ್ಕೂ ತಲೆಯಾಡಿಸಿದ. ಬಾಯಿಪಾಠ ಮಾಡಿಕೊಳ್ಳುವ ಹಾಗೆ ತುಟಿ ಅಲುಗುತ್ತಿತ್ತು. ಕೊನೆಗೆ, "ಇಷ್ಟೇನಾ?" ಎಂದ. ಇಷ್ಟೇ ಎಂದೆ.

"ಇನ್ಮ್ಯಾಕೆ ನೋಡಕ್ಕೆ ಅಂತ ಬರಬ್ಯಾಡಿ" ಎಂದ. ದನಿ ಏರಿಸಲಿಲ್ಲ. "ನೀವು ಬಂದ್ರೆ ಅದು ನಿಮ್ ಹಿಂದೆ ಬತ್ತದೆ. ಇಲ್ಲಿ ಕೆಲಸ ಕೆಡ್ತದೆ."

ಸರಿ ಎಂದೆ.

ಅವನು ನಾಲಿಗೆಯಿಂದ ಒಂದು ಸದ್ದು ಮಾಡಿದ. ಕುರಿಗಳು ಎದ್ದವು. ಜೋಗಿ ನನ್ನ ಕಾಲ ಬಳಿ ಇತ್ತು. ಒಂದು ಸಲ ನನ್ನ ಮೊಣಕಾಲಿಗೆ ಮೂಗು ತಾಗಿಸಿತು, ಆಮೇಲೆ ಹೋಯಿತು. ಮೊದಲು ಹಿಂಡಿನ ಹಿಂದೆ, ಆಮೇಲೆ ಪಕ್ಕಕ್ಕೆ. ಹಿಂದೆ ಬಿದ್ದ ಒಂದು ಮರಿಯನ್ನು ಸುತ್ತಿ ಬಂದು ಒಳಗೆ ತಳ್ಳಿತು. ಮೂವತ್ತೈದು ಕುರಿ. ಧೂಳಿನಲ್ಲಿ ಅದರ ನಡಿಗೆ ಮಾತ್ರ ಬೇರೆ, ಎದ್ದು ಬಿದ್ದು ಎದ್ದು ಬಿದ್ದು ಹೋಗುವ ಹಾಗೆ. ಆದರೆ ಬೀಳಲಿಲ್ಲ.

ಹಟ್ಟಿಯ ಆಚೆ ದಾರಿ ಕೆರೆಯ ಬಯಲಿಗೆ ಇಳಿಯುತ್ತದೆ. ಕಲ್ಲು ಜಾಸ್ತಿ. ಕುರಿಗಳು ನೇರ ಇಳಿದವು. ಜೋಗಿ ತುದಿಯಲ್ಲಿ ಒಂದು ಕ್ಷಣ ನಿಂತಿತು. ಎಡಕ್ಕೆ ತಿರುಗಿತು, ಓರೆಯಾಗಿ ಐದಾರು ನೆಗೆತ, ಮತ್ತೆ ಬಲಕ್ಕೆ ಓರೆ. ಪುಟ್ಟರಂಗಯ್ಯ ಕರೆಯಲಿಲ್ಲ, ಅದರ ಪಾಡಿಗೆ ಬಿಟ್ಟ.

ನಾನು ಆಟೋದ ಪಕ್ಕ ನಿಂತು ನೋಡುತ್ತಿದ್ದೆ. ಹೆಸರು ಹಿಡಿದು ಕರೆದಿದ್ದರೆ ಕೇಳಿಸುವಷ್ಟು ಹತ್ತಿರದಲ್ಲೇ ಇತ್ತು. ಕೇಳಿಸಿದರೆ ತಿರುಗುತ್ತಿತ್ತು. ಇಳಿಜಾರಿನ ನಡುವೆ ತಿರುಗಿದರೆ ಬೀಳುತ್ತದೆ.

ಕರೆಯಲಿಲ್ಲ.